ದೋಣಿಮನೆ ತುಂಡು

ಡೋರ್ಕಸ್ ಹತ್ತಿರ ಯಂತ್ರವಿದೆ. ನನ್ನ ಹತ್ತಿರ ಪೆನ್ಸಿಲ್ಲು.
ಲಿಂಕನ್ ಪಟ್ಟಣದ ದಫ್ತರಖಾನೆಯೊಳಗೆ ಪೆನ್ನು ಬಿಡುವುದಿಲ್ಲ.
ಕೋಟು ಕಳಚಿ ಗೂಟಕ್ಕೆ ಹಾಕಿ, ಕೈ ತೊಳೆದು,
ಮಂಗಳವಾರ ಮಂಗಳವಾರ ಕೂರುತ್ತೇನೆ,
ಸತ್ತವರ ಕೈ ಎಲ್ಲೆಲ್ಲಿ ಜಾರಿತು ಎಂದು ಹುಡುಕುತ್ತ.

ಅವಳಿಗೆ ಮೊದಲೇ ಹೇಳಿದ್ದೆ: ಬಂಗಲೆ ಬೇಡ.
ಉಳ್ಳವರು ಆಳಿಟ್ಟು ಎಣಿಸುತ್ತಾರೆ, ಬಿದ್ದರೆ ಆಳಿಟ್ಟು ಹೆಕ್ಕಿಸುತ್ತಾರೆ.
ಬಿಡಿಗಾಸು ಉದುರುವುದು ಬೇಲಿ ದಾಟುವಲ್ಲಿ,
ಮರದಡಿ ಬುತ್ತಿ ಬಿಚ್ಚಿ ನಗುವಲ್ಲಿ,
ಚಳಿಗೆ ಸೆಟೆದ ಬೆರಳು
ದೋಣಿಯವನಿಗೆ ಕೂಲಿ ಕೊಡುವಲ್ಲಿ.

ದೋಣಿ. ಈ ಚಳಿಗಾಲ ನನಗೆ ಹಿಡಿದ ಹುಚ್ಚು ಅದೇ.
ಹಳೆಯ ತೆರಿಗೆ ನಕ್ಷೆಯಲ್ಲಿ ಇನ್ನೂರ ಹದಿನಾಲ್ಕನೇ ಹೊಲಕ್ಕೆ
‘ದೋಣಿಮನೆ ತುಂಡು’ ಎಂದು ಹೆಸರು.
ಮನೆ ಇಲ್ಲ. ದೋಣಿ ಇಲ್ಲ. ಸುತ್ತ ಬರೀ ಗೋಧಿ,
ಟ್ರೆಂಟ್ ಹೊಳೆ ಅಲ್ಲಿಂದ ಕೂಗಿದರೂ ಕೇಳದಷ್ಟು ದೂರ.
ಒಣಹೊಲವೇ, ನಿನಗೆ ಯಾರಿಟ್ಟರು ಈ ಒದ್ದೆ ಹೆಸರು?

ಮೂರು ಮಂಗಳವಾರ ಕಳೆದ ಮೇಲೆ ಒಂದು ದಂಡದ ಕಾಗದ:
ಜೇಬೆಜ್ ಕಾಡ್ ಎಂಬ ದೋಣಿಯವ, ಸಂತೆಯ ದಿನ,
ಅರೆಪೆನ್ನಿಯ ಬದಲು ಒಂದು ಪೆನ್ನಿ ಕಿತ್ತನಂತೆ,
ಅದೂ ಒಬ್ಬಳು ಬಸುರಿಯಿಂದ.
ಇಬ್ಬರಿದ್ದಾರಲ್ಲ ಎಂದನಂತೆ, ನ್ಯಾಯಾಧೀಶರ ಮುಂದೆಯೇ.
ಐದು ಶಿಲ್ಲಿಂಗ್ ತೆತ್ತು, ಸಹಿ ಬಾರದೆ,
ಕೆಳಗೊಂದು ಕತ್ತರಿಗೀಟು ಎಳೆದಿದ್ದಾನೆ.
ನಾನೂ ನನ್ನ ನಕ್ಷೆಯ ಮೇಲೆ ಅಂಥದೇ ಒಂದು ಎಳೆದೆ. ಇಲ್ಲೇ, ಅಂದೆ.

ಹೊಲದೊಡತಿ ಮಿಸೆಸ್ ಥರ್ಲ್‌ಬಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:
ಹೊನ್ನು ಸಿಕ್ಕರೆ?
ಅರ್ಧ ನಿಮಗೆ, ಎಂದಳು ಡೋರ್ಕಸ್.
ಸಿಗುವುದಿಲ್ಲ, ಎಂದೆ ನಾನು.
ಯಾರ ಮಾತು ಹಿಡಿಸಿತೋ, ಕೊಯ್ಲು ಮುಗಿಯಲಿ ಬನ್ನಿ, ಎಂದಳು.

ಆಗಸ್ಟ್. ಕೂಳೆ ಚುಚ್ಚುವ ಹೊಲ.
ನನ್ನ ಗೀಟಿನ ಜಾಗದಲ್ಲಿ ಯಂತ್ರ ಎರಡು ಗಂಟೆ ಮೂಕ.
ಲಾಳದ ಮೊಳೆ, ಟ್ರಾಕ್ಟರಿನ ಬೋಲ್ಟು, ಅಷ್ಟೆ.
ಥರ್ಮಾಸಿನ ಮುಚ್ಚಳ ತಿರುಗಿಸುತ್ತ ನಾನು ಹೊಳೆಗೆ ಬೈದೆ:
ಯಾವ ದಫ್ತರಕ್ಕೂ ತಿಳಿಸದೆ
ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿದೆಯಲ್ಲ, ಮುಂಡೇದೆ!

ಊಟಕ್ಕೆಂದು ಹೊರಟ ಡೋರ್ಕಸ್ ಯಂತ್ರ ಆರಿಸಲು ಮರೆತಿದ್ದಳು.
ನಲವತ್ತು ಹೆಜ್ಜೆ ಆಚೆ, ಸಣ್ಣ ತಗ್ಗಿನಲ್ಲಿ,
ಗುಟುಕು ಬೇಡುವ ಮರಿಯ ಹಾಗೆ
ಅದು ಕೂಗಿತು.

ಸಂಜೆಗೆ ಹನ್ನೊಂದು. ಎಲ್ಲ ತಾಮ್ರ, ಎಲ್ಲ ಅರೆಪೆನ್ನಿ,
ದೊರೆಗಳ ಮೂಗು ಸವೆದು ಚಪ್ಪಟೆ.
ಒಂದು ಮಾತ್ರ ಪೂರಾ ಪೆನ್ನಿ.
ಅದು ಆಕೆಯದೇ ಎನ್ನಲಾರೆ, ದಾಖಲೆ ಇಲ್ಲ.
ಆದರೂ ಅಂಗೈಯಲ್ಲಿ ಅದನ್ನು ಬೇರೆಯಾಗಿ ಹಿಡಿದುಕೊಂಡೆ.

ಎಷ್ಟು ಬಾಳುತ್ತೆ? ಒಡತಿ ಕೇಳಿದಳು.
ಎಷ್ಟು ಆಳದಲ್ಲಿತ್ತು? ನಾನು ಕೇಳಿದೆ.
ಡೋರ್ಕಸ್ ನನಗೆ ಮೊದಲು ಉತ್ತರಿಸಿದಳು:
ಒಂದು ಗೇಣು.

ಗೀಟನ್ನು ರಬ್ಬರಿನಿಂದ ಒರೆಸಿ ನಲವತ್ತು ಹೆಜ್ಜೆ ಸರಿಸಿದೆ.
ಹಳೆಯದು ಪೂರ್ತಿ ಹೋಗಲಿಲ್ಲ.
ಕಾಗದ ಅಲ್ಲಿ ಸ್ವಲ್ಪ ತೆಳುವಾಗಿದೆ,
ಬೆಳಕಿಗೆ ಹಿಡಿದರೆ ಕಾಣುತ್ತದೆ.