ಖಾಲಿ ಸೂಜಿ

ಔಸ್ದಿ ಎಲ್ಲವ್ವಾ ಇದ್ರಲ್ಲಿ? ಅಂದೆ.
ಏನೂ ಇಲ್ಲ ಬೋರಲಿಂಗಣ್ಣ, ಬರೀ ಸೂಜಿ,
ಅಂದಳು ಮಂಡ್ಯದ ನೂರಡಿ ರಸ್ತೆಯ
ಫಿಸಿಯೋ ಹುಡುಗಿ.
ಖಾಲಿ ಸೂಜಿಗೂ ಮುನ್ನೂರು!

ಇಪ್ಪತ್ತಾರು ವರ್ಷ ಆಲೆಮನೆಯಲ್ಲಿ
ಕೊಪ್ಪರಿಗೆಯ ಪಾಕ ತಿರುವಿದ ರಟ್ಟೆ.
ಹೆಗಲ ಹಿಂದೆ
ಅಚ್ಚು ಬಿಡದ ಬೆಲ್ಲದಂತೆ ಒಂದು ಗಂಟು,
ಹೆಂಡತಿ ಎಣ್ಣೆ ತಿಕ್ಕಿ ತಿಕ್ಕಿ ಸೋತ ಜಾಗ.
ಎರಡು ಬೆರಳಲ್ಲೇ ತಡಕಿ ಹಿಡಿದಳು.

ಚುಚ್ಚಿದಳು. ಏನಿಲ್ಲ.
ಇನ್ನೊಂದು ನೂಲಿನಷ್ಟು ಒಳಕ್ಕೆ –
ಚಳಕ್ಕನೆ ಎಗರಿತು ಮಾಂಸ
ನಾಲೆಯಲ್ಲಿ ಗಾಳ ಕಚ್ಚಿದ ಗೆಂಡೆಯ ಹಾಗೆ,
ನನ್ನ ಒಂದು ಮಾತೂ ಕೇಳದೆ.

ಸಿಕ್ತು, ಅಂದಳು.

ಎರಡು ದಿನ ನೋಯುತ್ತೆ, ಕೈಗೆ ರೆಸ್ಟ್ ಕೊಡಿ.
ಆಯ್ತವ್ವಾ ಅಂದು
ಎದುರಿನ ಗೂಡಂಗಡಿಯಲ್ಲಿ ಟೀ ಹಿಡಿದೆ.
ತಳದ ಸಕ್ಕರೆ ಯಾವಾಗಲೋ ಕರಗಿತ್ತು.
ಕೈ ಇನ್ನೂ ಲೋಟ ತಿರುವುತ್ತಿತ್ತು.