ಸೀಮೆಸುಣ್ಣದ ಗುರುತು

ತುರ್ಕುವಿನಲ್ಲಿ ಈಗ ಮೂರೂವರೆಗೇ ಕತ್ತಲು.
ನದಿಯ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ.
ಮೂರನೆಯ ಮಹಡಿಯಲ್ಲಿ ವಿಲ್ಲೆ
ಒಂದೇ ಪರೀಕ್ಷೆಯನ್ನು ಬೆಳಗಿನಿಂದ ಓಡಿಸುತ್ತಿದ್ದಾನೆ.

ಹಡಗಿನ ಟಿಕೆಟ್ಟು ಅದು. ಪ್ರಯಾಣಿಕಳು ಬರೀ ಕಲ್ಪನೆ:
ಹೆಸರು ಪೈವಿ, ಜೊತೆಗೊಂದು ಮಗು, ಒಂದು ನಾಯಿ.
"ಹೆಸರು ತಪ್ಪು" ಎಂದಿತು ಪರದೆ,
ಅಷ್ಟು ಹೇಳಿ ಬಾಯಿ ಮುಚ್ಚಿತು.
ಅಕ್ಷರದ ನೆತ್ತಿಯ ಮೇಲಿನ ಎರಡು ಚುಕ್ಕಿ
ದಾರಿಯಲ್ಲೆಲ್ಲೋ ಉದುರಿಹೋಗಿದ್ದವು.
ಹೆಕ್ಕಿ ಇಟ್ಟ. ಹನ್ನೊಂದು ನಿಮಿಷ ಕಾದ.
"ಹುಟ್ಟಿದ ದಿನ ತಪ್ಪು."
ದಿನ ತಿಂಗಳು ಅದಲುಬದಲು. ತಿದ್ದಿದ.
ಹನ್ನೊಂದು ನಿಮಿಷ. ಕಾಫಿ.
"ಕೋಣೆಯ ಸಂಖ್ಯೆ..."

ಔಲಿಕ್ಕಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು.
ಮೊದಲು ಹಡಗುಕಟ್ಟೆಯಲ್ಲಿ ದುಡಿದವಳು,
ಹಡಗಿನ ಹೊಟ್ಟೆಯಡಿ ಅಂಗಾತ ಮಲಗಿ
ಸುತ್ತಿಗೆಯಿಂದ ತಗಡು ತಟ್ಟಿ ಕಿವಿಗೊಟ್ಟವಳು.
ಟಣ್ ಎಂದರೆ ಗಟ್ಟಿ, ಬದ್ ಎಂದರೆ ತುಕ್ಕು,
ಬದ್ ಎಂದಲ್ಲೆಲ್ಲ ಸೀಮೆಸುಣ್ಣದ ಸುತ್ತು.
"ಮೊದಲನೇ ಸುತ್ತು ಬರೆದು
ಸುತ್ತಿಗೆ ಕೆಳಗಿಟ್ಟು ಮನೆಗೆ ಹೋಗಿದ್ದರೆ
ಸಮುದ್ರ ಉಳಿದದ್ದನ್ನು ಹುಡುಕುತ್ತಿತ್ತು" ಎಂದಳು,
ಅವನ ಕಪ್ಪಿನಿಂದಲೇ ಒಂದು ಗುಟುಕು ಕುಡಿದು.

ಒಂದಗುಳು ಹಿಸುಕಿದರೆ ಸಾಕೆನ್ನುವುದು ಅನ್ನದ ಮಾತು;
ಎಲ್ಲ ಅಗುಳೂ ಒಂದೇ ನೀರಲ್ಲಿ ಬೆಂದವು.
ಈ ಪಾತ್ರೆಯಲ್ಲಿ ಅಗುಳಿಗೊಂದು ಒಲೆ.

ಅವಳು ಬರೆದದ್ದು ನಾಲ್ಕು ಸಾಲು, ಅರ್ಥ ಇಷ್ಟೇ:
ತಪ್ಪು ಕಂಡರೆ ಗುರುತು ಹಾಕು, ನಿಲ್ಲಬೇಡ,
ಕಡೆಯ ತಗಡಿನವರೆಗೂ ತಟ್ಟು,
ಬೀಳುವುದಿದ್ದರೆ ಆಮೇಲೆ ಬೀಳು.

ಹನ್ನೊಂದು ನಿಮಿಷ.
ಕೋಣೆ ಕೆಂಪು. ಅಟ್ಟದ ಸಂಖ್ಯೆ ಕೆಂಪು.
ಊಟ ಕೆಂಪು.
ಮಗುವಿನ ಅಳತೆಯ ತೇಲುಕವಚ: ಸೊನ್ನೆ.

ವಿಲ್ಲೆ ಆ ಸೊನ್ನೆಯನ್ನು ನೋಡುತ್ತ ಕೂತ.
ಚುಕ್ಕಿಗಳಿಗಾಗಿ ಬೆಳಿಗ್ಗೆ ಅವನು ನಕ್ಕಿದ್ದ.
"ಮುಂಚೆಯೇ ವಾಸಿ" ಎಂದ ಕೊನೆಗೆ, "ಒಂದೇ ತಪ್ಪಿತ್ತು."
"ಒಂದೇ ಹೇಳಿತ್ತು" ಎಂದಳು ಔಲಿಕ್ಕಿ,
ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಅವಳು ಹೋದ ಮೇಲೆ ಅವನು ಇನ್ನೂ ಕೆಳಗೆ ಸರಿಸಿದ.
ದಿನವಿಡೀ ಯಾರೂ ತಲುಪದ ಆ ತಳದಲ್ಲಿ
ನಾಯಿ ಇತ್ತು: ಹೆಸರು ಮುಸ್ತಿ,
ತೂಕ ಎಂಟು ಕಿಲೋ, ಲಸಿಕೆ ಆಗಿದೆ,
ಎಲ್ಲ ಸರಿ, ಎಲ್ಲ ಹಸಿರು,
ಕರೆದರೆ ಬರುವಂತೆ ಕಾದು ಕೂತಿತ್ತು.