ಇಂಜಿನ್ ತಣ್ಣಗಿರುವಾಗ

ಆರು ಗಂಟೆಗೇ ಹೊರಡಬೇಕೆಂದವನು ಪುತ್ತಬ್ಬ.
‘ಬಿಸಿ ಇಂಜಿನ್ ಎಲ್ಲರಿಗೂ ಒಳ್ಳೆಯದೇ ಹೇಳ್ತದೆ ಡಾಕ್ಟ್ರೆ,
ತಣ್ಣಗಿದ್ದಾಗ ಹೋಗಿ ಕೇಳಬೇಕು.’
ನಾನು ಡಾಕ್ಟರಲ್ಲ. ಹಂಪನಕಟ್ಟೆಯ ಎರಡನೇ ಮಹಡಿಯಲ್ಲಿ
ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟುವವನು.
ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ನೇತ್ರಾವತಿ ಸಂಕ ದಾಟಿ, ತೊಕ್ಕೊಟ್ಟಿನಲ್ಲಿ ಬಲಕ್ಕೆ.
ಉಳ್ಳಾಲದ ಕರೆಯಲ್ಲಿ, ದಾಮು ಪುತ್ರನ್ನರ ಅಂಗಳದಲ್ಲಿ
ಸಮುದ್ರಕ್ಕೆ ಬೆನ್ನು ಹಾಕಿ ನಿಂತಿತ್ತು ಅದು:
ಸೇನೆಯವರು ಹರಾಜು ಹಾಕಿದ ಫೋರ್-ವೀಲ್ ಲಾರಿ,
ಮೇಲೆ ದೋಣಿಯ ಆಚಾರಿ ಕಟ್ಟಿಕೊಟ್ಟ ಕೋಣೆ.
ಹೆಬ್ಬಲಸಿನ ಹಲಗೆ, ಸಂದಿಗೆ ಗೇರೆಣ್ಣೆ ಕುಡಿಸಿದ ಹತ್ತಿ,
ಒಂದು ಮಂಚ, ಒಂದು ಒಲೆ, ಎಂಬತ್ತು ಲೀಟರ್ ನೀರು,
ಕಿಟಕಿಗೆ ಹಳೇ ಬಲೆಯ ಪರದೆ.

ನಾನು ಕೋಣೆ ನೋಡಿದೆ.
ಪುತ್ತಬ್ಬ ಗೋಣಿ ಹಾಸಿ ಅಡಿಗೆ ಹೋದ.
ಎರಡು ಕಾಲು ಮಾತ್ರ ಹೊರಗೆ,
ಒಂದರ ಹೆಬ್ಬೆರಳು ಯೋಚಿಸುತ್ತಿತ್ತು.
‘ಸುತ್ತಿಗೆ.’ ಕೊಟ್ಟೆ.
ಠಣ್. ಠಣ್. ಠಣ್.
ಠಪ್.
ಆ ಠಪ್ ನನಗೂ ಗೊತ್ತು.
ಮೇಲೆ ಬೆಳ್ಳಗೆ, ಒಳಗೆ ಟೊಳ್ಳು;
ಕನ್ನಡಿ ಹಿಡಿಯುವ ಮೊದಲೇ ಸದ್ದು ಹೇಳಿಬಿಡುತ್ತದೆ.
ಬಟ್ಟೆ ಸುತ್ತಿದ ಅಯಸ್ಕಾಂತ ಬಾಗಿಲಿಗೆ ಕಚ್ಚಿತು, ಮಡ್‌ಗಾರ್ಡಿಗೆ ಕಚ್ಚಿತು,
ಮೆಟ್ಟಿಲ ಪಕ್ಕ ಅಂಗೈಯಗಲ ಜಾಗದಲ್ಲಿ ಜಾರಿ ಬಿತ್ತು.
‘ಪುಟ್ಟಿ,’ ಎಂದಿತು ಅಡಿಯಿಂದ ಧ್ವನಿ.
ಪುತ್ರನ್ನರು ತೆಂಗಿನ ತುದಿ ನೋಡಿದರು.

ಆಮೇಲೆ ಕೀಲಿ.
ಒಂದು ಸಲ ಕೆಮ್ಮಿತು, ಎರಡನೆಯದಕ್ಕೆ ಹಿಡಿಯಿತು.
ಬಿಳಿ ಹೊಗೆ. ಕಾದೆವು. ತೆಳುವಾಯಿತು. ನೀಲಿ ಬರಲಿಲ್ಲ.
ಆಯಿಲ್ ಕಡ್ಡಿ ಎಳೆದು ಪುತ್ತಬ್ಬ ಮೂಸಿದ,
ಬಂಗುಡೆ ನಿನ್ನೆಯದೋ ಎಂದು ಮೂಸುವ ಹಾಗೆ.
ಸಣ್ಣ ಲಿವರ್ ಎಳೆದಾಗ
ಮುಂದಿನ ಚಕ್ರಗಳೂ ಹೊಯಿಗೆ ಕೆದಕಿ ಮೇಲೆದ್ದವು.
‘ಆರ್‌ಸಿಯಲ್ಲಿ ಕೋಣೆ ಕಟ್ಟಿದ್ದು ಬರೆದುಂಟಾ?’
‘ಅರ್ಜಿ ಕೊಟ್ಟಾಗಿದೆ.’
‘ಅಂದರೆ ಇಲ್ಲ.’
ಮತ್ತೆ ಅಡಿಗೆ ತೂರಿ, ಸ್ಪ್ರಿಂಗ್ ಪಟ್ಟಿಗಳ ನಡುವಿಂದ
ಏನನ್ನೋ ಕಿತ್ತು ನನ್ನ ಅಂಗೈಗೆ ಹಾಕಿದ:
ಒಂದು ಮರುವಾಯಿ,
ಎರಡೂ ಚಿಪ್ಪು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೇ ಇದ್ದದ್ದು.

‘ಬೀಚಿಗೆ ಇಳಿಸಿಯೇ ಇಲ್ಲ ಅಂದಿದ್ದಿರಿ ಫೋನಿನಲ್ಲಿ.’
‘ಈಗಲೂ ಹೇಳ್ತೇನೆ ಮಾರಾಯ್ರೆ.
ಲಾರಿ ಸಮುದ್ರಕ್ಕೆ ಹೋದದ್ದಲ್ಲ.’
ಗಲ್ಲದಲ್ಲಿ ತೋರಿಸಿದರು: ಬೇಲಿಯಿದ್ದ ಜಾಗ,
ಅದರಾಚೆ ಬಾವಿಯಿದ್ದ ಜಾಗ,
ಅದರಾಚೆ ಅಣ್ಣನ ಮನೆಯಿದ್ದ ಜಾಗ.
ಅಲ್ಲೀಗ ಕಪ್ಪು ಕಲ್ಲುಗಳು, ಕಲ್ಲಿನ ಮೇಲೆ ನೊರೆ.
‘ಎರಡು ಆಟಿ. ಎರಡು ಸಲವೂ ಆಕ್ಸಲ್‌ವರೆಗೆ.
ಎರಡನೇ ರಾತ್ರಿ ಅತ್ತಿಗೆ, ಮಕ್ಕಳು, ಎರಡು ಆಡು
ಇದೇ ಮಂಚದ ಮೇಲೆ.
ಸ್ಟಾರ್ಟ್ ಆಯ್ತು. ಅದನ್ನೂ ಬರೆದುಕೊಳ್ಳಿ.’

ಬರೆದುಕೊಳ್ಳಲಿಲ್ಲ. ಮಂಚ ಹತ್ತಿ ಮಲಗಿ ನೋಡಿದೆ.
ಪಾದ ಹಲಗೆಗೆ ತಾಗಿತು; ಅರ್ಧ ಅಡಿ ಕಡಿಮೆ.
ಸ್ಪಿತಿಗೆ ಹೋಗಬೇಕೆಂದಿದ್ದೆ ನಾನು, ಒಬ್ಬನೇ,
ಯಾರೂ ಬಾಯಿ ತೆರೆಯದ ಕಡೆಗೆ.
ದಿಂಬಿನ ಜಾಗದಲ್ಲಿ ಗೇರೆಣ್ಣೆಯ ಘಾಟು,
ಅದರ ಅಡಿಯಲ್ಲಿ, ತೊಳೆದರೂ ಹೋಗದ, ಆಡಿನ ವಾಸನೆ.

ವಾಪಸು ಸಂಕದವರೆಗೂ ಪುತ್ತಬ್ಬ ಮಾತಾಡಲಿಲ್ಲ.
‘ಒಂದು ಲಕ್ಷ ಇಳಿಸಿ ಕೇಳಿ. ಇಂಜಿನ್ ಬಂಗಾರ. ಚೇಸಿಸ್ ಹುಳುಕು.’
‘ತುಂಬಿಸಬಹುದಾ?’
‘ಕೊರೆದು ತೆಗೆದು ಹೊಸ ಪ್ಲೇಟು ಹಾಕಬೇಕು.
ನಿಮಗೆ ಗೊತ್ತಿಲ್ಲದ್ದಾ?’
ಕೆಳಗೆ ಹೊಯಿಗೆ ದೋಣಿಗಳು ಏರುತ್ತಿದ್ದವು.
‘ಬರುವ ಆಟಿಗೆ ಅವರು ಎಂತ ಮಾಡ್ತಾರೆ, ಪುತ್ತಬ್ಬ?’
ಎದುರಿನ ಬಸ್ಸಿಗೆ ದಾರಿ ಬಿಟ್ಟು,
ಗೇರು ಬದಲಿಸಿ, ಸ್ವಲ್ಪ ಹೊತ್ತಿನ ಮೇಲೆ ಅಂದ:
‘ನೀವು ಲಾರಿ ನೋಡಲಿಕ್ಕೆ ಕರೆದದ್ದಲ್ವಾ ನನ್ನನ್ನು.’